ಒಂಟಾರಿಯೊದಲ್ಲಿ ಊರಿನ ಆರೋಗ್ಯಾಧಿಕಾರಿಯ ನೇಮಕ: ಮಂಡಳಿ ಆರಿಸಬೇಕು, ಮಂತ್ರಿ ಒಪ್ಪಬೇಕು

ಮಗುವಿನ ಲಸಿಕೆ ದಾಖಲೆ ಇನ್ನೂ ನಮಗೆ ತಲುಪಿಲ್ಲ, ಇಂಥ ದಿನದೊಳಗೆ ಕೊಡದಿದ್ದರೆ 20 ಶಾಲಾ ದಿನಗಳವರೆಗೆ ತರಗತಿಯಿಂದ ಹೊರಗಿಡಬಹುದು. ಕೆನಡಾದ ಒಂಟಾರಿಯೊಗೆ ಹೊಸದಾಗಿ ಬಂದ ಕನ್ನಡಿಗರ ಮನೆಗೆ ಇಂಥದೊಂದು ಕಾಗದ ಬರುವುದುಂಟು. ವಲಸೆ ತಪಾಸಣೆಯ ಎಕ್ಸ್-ರೇಯಲ್ಲಿ ಹಳೆಯ ಕ್ಷಯದ ಗುರುತು ಕಂಡಿದ್ದರೆ, ದೇಶಕ್ಕೆ ಕಾಲಿಟ್ಟ 30 ದಿನದೊಳಗೆ ಸ್ಥಳೀಯ ಆರೋಗ್ಯ ಘಟಕವನ್ನು ಸಂಪರ್ಕಿಸಿ ಎಂಬ ಸೂಚನೆಯೂ ಸಿಗುತ್ತದೆ. ಈ ಎರಡೂ ಕೆಲಸ ನಡೆಯುವ ಕಚೇರಿಯ ತಲೆಯಾಳು ‘ಮೆಡಿಕಲ್ ಆಫೀಸರ್ ಆಫ್ ಹೆಲ್ತ್’. ಇಲ್ಲಿಯವರ ಬಾಯಲ್ಲಿ ಬರೀ ಎಂಒಎಚ್.

ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಗೆ, ಅಂದರೆ ಡಿಎಚ್‌ಒಗೆ, ಇದು ಸಮ ಎಂದುಕೊಂಡರೆ ಕೆಲಸದ ಮಟ್ಟಿಗೆ ಅರ್ಧ ಸರಿ, ನೇಮಕದ ಮಟ್ಟಿಗೆ ಪೂರ್ತಿ ತಪ್ಪು. ಡಿಎಚ್‌ಒ ರಾಜ್ಯ ಸರ್ಕಾರದ ಇಲಾಖೆಯ ಅಧಿಕಾರಿ. ಬೆಂಗಳೂರಿನಿಂದ ಆದೇಶ ಬಂದರೆ ಬರುತ್ತಾರೆ, ವರ್ಗವಾದರೆ ಹೋಗುತ್ತಾರೆ. ಒಂಟಾರಿಯೊದ ಎಂಒಎಚ್‌ಗೆ ವರ್ಗಾವಣೆ ಎಂಬುದೇ ಇಲ್ಲ. ಜಾಹೀರಾತು ಕೊಟ್ಟು, ಸಂದರ್ಶನ ಮಾಡಿ, ಸ್ಥಳೀಯ ಆರೋಗ್ಯ ಮಂಡಳಿಯೇ ಆರಿಸಬೇಕು. ಆರಿಸಿದ ಮೇಲೆ ಪ್ರಾಂತದ ಆರೋಗ್ಯ ಮಂತ್ರಿ ಒಪ್ಪಬೇಕು. ಒಂದು ಬಾಗಿಲಿಗೆ ಎರಡು ಬೀಗ, ಎರಡು ಬೀಗದಕೈ ಬೇರೆಬೇರೆಯವರ ಹತ್ತಿರ. ಈ ನೇಮಕದಲ್ಲಿ ಎಡವುವವರಲ್ಲಿ ಹೆಚ್ಚಿನವರು ಎರಡನೆಯ ಬೀಗವನ್ನು ಮರೆತವರೇ.

ಮಂಡಳಿ ಎಂದರೆ ಯಾರು

ಎಲ್ಲದಕ್ಕೂ ಆಧಾರ ಹೆಲ್ತ್ ಪ್ರೊಟೆಕ್ಷನ್ ಅಂಡ್ ಪ್ರಮೋಷನ್ ಆಕ್ಟ್ ಎಂಬ ಒಂಟಾರಿಯೊದ ಕಾಯಿದೆ. 2025ರ ಜನವರಿ 1ರಂದು ಒಂಬತ್ತು ಘಟಕಗಳು ನಾಲ್ಕಾಗಿ ಕೂಡಿಕೊಂಡ ಮೇಲೆ ಪ್ರಾಂತದಲ್ಲಿ 34ರ ಬದಲು 29 ಆರೋಗ್ಯ ಘಟಕಗಳು ಉಳಿದವು. ಪ್ರತಿ ಘಟಕಕ್ಕೂ ಒಂದು ಮಂಡಳಿ. ಆದರೆ ಮಂಡಳಿಯ ಸ್ವರೂಪ ಎಲ್ಲೆಡೆ ಒಂದೇ ಅಲ್ಲ. ಬ್ರಾಂಪ್ಟನ್, ಮಿಸ್ಸಿಸ್ಸಾಗಾ ಸೇರಿದ ಪೀಲ್‌ನಲ್ಲಿ, ವಾಟರ್‌ಲೂನಲ್ಲಿ ಪ್ರಾದೇಶಿಕ ಕೌನ್ಸಿಲ್ಲೇ ಆರೋಗ್ಯ ಮಂಡಳಿ. ಬೆಳಿಗ್ಗೆ ರಸ್ತೆ, ಕೊಳವೆ ಚರ್ಚಿಸಿದವರೇ ಮಧ್ಯಾಹ್ನ ಆರೋಗ್ಯ ಚರ್ಚಿಸಬಹುದು. ಟೊರಾಂಟೊ, ಒಟ್ಟಾವಗಳಿಗೆ ಪ್ರತ್ಯೇಕ ಮಂಡಳಿಗಳಿವೆ. ಹಲವು ಸಣ್ಣ ಊರುಗಳು ಒಟ್ಟಾಗಿರುವ ಕಡೆ ಸ್ವತಂತ್ರ ಮಂಡಳಿ ಇರುತ್ತದೆ. ಕಾಯಿದೆಯ ಸಾಮಾನ್ಯ ನಿಯಮದ ಪ್ರಕಾರ ಪುರಸಭೆಗಳ ಕಡೆಯಿಂದ ಕನಿಷ್ಠ 3, ಗರಿಷ್ಠ 13 ಸದಸ್ಯರು. ಪ್ರಾಂತ ಸರ್ಕಾರವೂ ತನ್ನ ಕಡೆಯಿಂದ ಕೆಲವರನ್ನು ನೇಮಿಸಬಹುದು, ಆದರೆ ಅವರ ಸಂಖ್ಯೆ ಪುರಸಭೆಯವರಿಗಿಂತ ಒಂದಾದರೂ ಕಡಿಮೆ ಇರಬೇಕು. ಈ ಪ್ರಾಂತೀಯ ಸ್ಥಾನಗಳಿಗೆ ಸಾಮಾನ್ಯ ನಾಗರಿಕರೂ ಅರ್ಜಿ ಹಾಕಬಹುದು. ನಮ್ಮ ಸಂಘಗಳಲ್ಲಿ ಗಣೇಶನ ಹಬ್ಬದ ಲೆಕ್ಕಪತ್ರ ಅಚ್ಚುಕಟ್ಟಾಗಿ ನೋಡಿಕೊಳ್ಳುವ ಎಷ್ಟೋ ಮಂದಿ ಈ ಕುರ್ಚಿಗೆ ಯೋಗ್ಯರಿದ್ದಾರೆ; ಅಂಥದೊಂದು ಕುರ್ಚಿ ಇದೆಯೆಂದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಆ ಕುರ್ಚಿಯಲ್ಲಿ ಕೂತವರಿಗೆ ಬರುವ ದೊಡ್ಡ ಹೊಣೆ ಎಂಒಎಚ್ ಆಯ್ಕೆ.

ವೈದ್ಯರೇ ಏಕೆ, ಅಷ್ಟು ರಕ್ಷಣೆ ಏಕೆ

ವಾಕರ್ಟನ್ ಎಂಬ ಸಣ್ಣ ಊರಿನ ಕಥೆ ತಿಳಿಯದೆ ಈ ಹುದ್ದೆ ಅರ್ಥವಾಗುವುದಿಲ್ಲ. 2000ದ ಮೇ ತಿಂಗಳಲ್ಲಿ ಅಲ್ಲಿನ ಕುಡಿಯುವ ನೀರಿಗೆ ಇ-ಕೋಲಿ ಎಂಬ ಬ್ಯಾಕ್ಟೀರಿಯಾ ಸೇರಿತು. ಜನ ರಕ್ತಭೇದಿಯಿಂದ ಆಸ್ಪತ್ರೆ ಸೇರುತ್ತಿದ್ದರೂ, ನೀರು ಸರಬರಾಜಿನವರು ನೀರು ಸರಿಯಾಗಿದೆ ಎಂದೇ ಆರೋಗ್ಯ ಘಟಕಕ್ಕೆ ಹೇಳುತ್ತಿದ್ದರು. ನೀರು ಕೆಟ್ಟಿದೆ ಎಂಬ ಪ್ರಯೋಗಾಲಯದ ವರದಿ ಅವರ ಕೈಯಲ್ಲಿತ್ತು. ಮೇ 21ರ ಭಾನುವಾರ ಆರೋಗ್ಯ ಘಟಕ ಅವರ ಮಾತಿಗೆ ಕಾಯದೆ, ನೀರು ಕುದಿಸಿ ಕುಡಿಯಿರಿ ಎಂದು ಸಾರಿತು. ಆಗ ಎಂಒಎಚ್ ಆಗಿದ್ದವರು ಡಾ. ಮರ್ರೆ ಮೆಕ್‌ಕ್ವಿಗ್. ಕೊನೆಗೆ 7 ಮಂದಿ ಸತ್ತರು, ಸುಮಾರು 2300 ಮಂದಿ ಕಾಯಿಲೆ ಬಿದ್ದರು.

ಊರಿನ ನೀರು ಸರಿಯಿಲ್ಲ ಎಂದು ಊರಿನ ಸಂಬಳ ತಿನ್ನುವವರೇ ಹೇಳಬೇಕಾದಾಗ ಅವರ ಕೆಲಸಕ್ಕೆ ಭದ್ರತೆ ಬೇಕು. ಆದ್ದರಿಂದಲೇ ಎಂಒಎಚ್‌ರನ್ನು ತೆಗೆಯಲು ಮಂಡಳಿಯ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗದ ಮತ ಬೇಕು, ಜೊತೆಗೆ ಮಂತ್ರಿಯ ಲಿಖಿತ ಸಮ್ಮತಿಯೂ ಬೇಕು. ‘ಹಾಜರಿದ್ದವರಲ್ಲಿ’ ಅಲ್ಲ, ‘ಸದಸ್ಯರಲ್ಲಿ’ ಎಂಬುದನ್ನು ಗಮನಿಸಿ: 12 ಜನರ ಮಂಡಳಿಯಲ್ಲಿ 9 ಮಂದಿಯೇ ಬಂದಿದ್ದರೂ 8 ಮತ ಬೀಳಬೇಕು. ಸಭೆ ಎಲ್ಲಿ, ಯಾವಾಗ, ಏಕೆ ಎಂಬ ನೋಟಿಸು, ಕಾರಣಗಳ ಲಿಖಿತ ವಿವರ, ಸಭೆಗೆ ಬಂದು ತಮ್ಮ ಮಾತು ಹೇಳುವ ಅವಕಾಶ, ಇವನ್ನೂ ಕೊಟ್ಟಿರಬೇಕು.

ಅಧಿಕಾರವೂ ಸಣ್ಣದಲ್ಲ. ಕಾಯಿದೆಯ 22ನೇ ಕಲಮಿನಡಿ ಸಾಂಕ್ರಾಮಿಕ ರೋಗ ತಡೆಯಲು ಲಿಖಿತ ಆದೇಶ ಹೊರಡಿಸಬಹುದು. 2021ರ ಮಾರ್ಚ್‌ನಲ್ಲಿ ಬ್ರಾಂಪ್ಟನ್‌ನ ಒಂದು ದೊಡ್ಡ ಗೋದಾಮಿನ ಕೆಲಸಗಾರರೆಲ್ಲ ಮನೆಯಲ್ಲೇ ಪ್ರತ್ಯೇಕವಾಗಿರಬೇಕೆಂದು ಪೀಲ್ ಹೇಳಿದ್ದು ಇದೇ ಕಲಮಿನಿಂದ. ಆದೇಶ ಒಪ್ಪದವರು ಅದು ಕೈಸೇರಿದ 15 ದಿನದೊಳಗೆ ಪ್ರಾಂತದ ಮೇಲ್ಮನವಿ ಮಂಡಳಿಗೆ (ಇದು ಆರೋಗ್ಯ ಮಂಡಳಿಯಲ್ಲ, ಬೇರೆಯೇ) ಹೋಗಬಹುದು.

ನೇಮಕ ನಡೆಯುವ ಬಗೆ

ಹುದ್ದೆ ಖಾಲಿಯಾದ ದಿನವೇ ಮೊದಲ ಕೆಲಸ ಶುರು. ಸಹಾಯಕ ಎಂಒಎಚ್ ಇಲ್ಲದಿದ್ದರೆ ಮಂಡಳಿ ಕೂಡಲೇ ಒಬ್ಬ ವೈದ್ಯರನ್ನು ಹಂಗಾಮಿಯಾಗಿ ನೇಮಿಸಬೇಕು. ಹಂಗಾಮಿಗೆ ವೈದ್ಯರಾಗಿದ್ದರೆ ಸಾಕು, ಸಾರ್ವಜನಿಕ ಆರೋಗ್ಯದ ಪದವಿ ಕಡ್ಡಾಯವಲ್ಲ. ಪಕ್ಕದ ಘಟಕದ ಎಂಒಎಚ್ ಎರಡೂ ಕಡೆ ನೋಡಿಕೊಳ್ಳುವುದೂ ಇದೆ. ಈ ಸಡಿಲಿಕೆಯೇ ಮುಳುವಾಗುವುದು ಹೇಗೆಂದರೆ, ಹೇಗೋ ನಡೆಯುತ್ತಿದೆಯಲ್ಲ ಎಂದು ಮಂಡಳಿ ಕೈಕಟ್ಟಿ ಕೂತುಬಿಡುತ್ತದೆ. ಕಾಯಿದೆ ಹೇಳುವುದು ಪೂರ್ಣಾವಧಿಯ ಎಂಒಎಚ್ ಇರಬೇಕೆಂದು; ಖಾಲಿ ಹುದ್ದೆಯನ್ನು ಮಂಡಳಿ, ಮಂತ್ರಿ ಇಬ್ಬರೂ ಕೂಡಿ ಬೇಗ ತುಂಬಬೇಕೆಂದು.

ಆಮೇಲೆ ಆಯ್ಕೆ ಸಮಿತಿ. ಮಂಡಳಿಯ ಅಧ್ಯಕ್ಷರು, ಇಬ್ಬರು ಮೂವರು ಸದಸ್ಯರು, ಮಾನವ ಸಂಪನ್ಮೂಲದವರು. ಇಷ್ಟೇ ಆದರೆ ಸಾಲದು. ಬೇರೆ ಘಟಕದಲ್ಲಿ ಎಂಒಎಚ್ ಆಗಿರುವ ಅಥವಾ ಆಗಿದ್ದ ವೈದ್ಯರೊಬ್ಬರನ್ನು ಸಲಹೆಗೆ ಕೂರಿಸಿಕೊಳ್ಳಿ. ಕಾಯಿಲೆ ಹಬ್ಬುವ ಲೆಕ್ಕವನ್ನು ಅಭ್ಯರ್ಥಿ ಸರಿಯಾಗಿ ಹೇಳಿದರೋ ತೇಲಿಸಿದರೋ ಎಂದು ಹೇಳಲು ಕೌನ್ಸಿಲರಿಗೆ ಆಗುವುದಿಲ್ಲ.

ಜಾಹೀರಾತಿಗೂ ಮುಂಚೆ ತೀರ್ಮಾನವಾಗಬೇಕಾದ ಒಂದು ಮಾತಿದೆ: ಬರುವವರು ಎಂಒಎಚ್ ಮಾತ್ರವೋ, ಘಟಕದ ಮುಖ್ಯ ಕಾರ್ಯನಿರ್ವಾಹಕರೂ ಹೌದೋ? ಎರಡೂ ಪದ್ಧತಿ ಚಾಲ್ತಿಯಲ್ಲಿವೆ. ಬೇರೆ ಬೇರೆ ಇಟ್ಟರೆ, ಸಾರ್ವಜನಿಕ ಆರೋಗ್ಯದ ಕೆಲಸ ಮಾಡುವ ನೌಕರರು ಆ ಕೆಲಸದಲ್ಲಿ ಎಂಒಎಚ್ ಮಾತಿಗೆ ಬದ್ಧರು, ಆರೋಗ್ಯದ ವಿಷಯದಲ್ಲಿ ಎಂಒಎಚ್ ನೇರವಾಗಿ ಮಂಡಳಿಗೆ ವರದಿ ಮಾಡುತ್ತಾರೆ ಎಂಬ ಕಾಯಿದೆಯ ಎರಡು ಮಾತುಗಳನ್ನು ಹುದ್ದೆಯ ವಿವರದಲ್ಲೇ ಬರೆಯಿರಿ. ಪ್ರಾದೇಶಿಕ ಸರ್ಕಾರಗಳಲ್ಲಿ ರಜೆ, ಬಜೆಟ್, ಕಚೇರಿ ವ್ಯವಹಾರಕ್ಕೆ ಮೇಲೊಬ್ಬ ಆಡಳಿತಾಧಿಕಾರಿ ಇರುತ್ತಾರೆ. ಅಲ್ಲಿ ಗೆರೆ ಎಳೆಯದೆ ಬಿಟ್ಟರೆ, ಆರು ತಿಂಗಳಲ್ಲಿ ಮಂಡಳಿಗೆ ಹೋಗುವ ಆರೋಗ್ಯ ವರದಿಯನ್ನು ಯಾರೋ ತಿದ್ದಲು ಶುರು ಮಾಡುತ್ತಾರೆ. ಒಳ್ಳೆಯ ಅಭ್ಯರ್ಥಿ ಮೊದಲು ಕೇಳುವ ಪ್ರಶ್ನೆಯೂ ಇದೇ.

ಅವರ ಎರಡನೆಯ ಪ್ರಶ್ನೆ ರಾತ್ರಿ ಫೋನು ಯಾರು ಎತ್ತುತ್ತಾರೆ ಎಂಬುದು. ಘಟಕ ದಿನದ 24 ಗಂಟೆ, ವಾರದ 7 ದಿನ ಕರೆಗೆ ಸಿಗಬೇಕು. ಸಹಾಯಕ ಎಂಒಎಚ್ ಇಲ್ಲದ ಸಣ್ಣ ಘಟಕದಲ್ಲಿ ಎಲ್ಲ ರಾತ್ರಿಗಳೂ ಒಬ್ಬರ ತಲೆಗೇ ಬೀಳುತ್ತವೆ. ಅಕ್ಕಪಕ್ಕದ ಘಟಕಗಳೊಡನೆ ಸರದಿಯ ಒಪ್ಪಂದ ಮಾಡಿಕೊಂಡು, ಅದನ್ನು ಜಾಹೀರಾತಿನಲ್ಲೇ ಹೇಳಿದರೆ ಅರ್ಜಿ ಬರುತ್ತವೆ. ಸರೋವರದ ದಂಡೆಯ ಸೊಗಸಾದ ಊರು ಎಂದು ಬರೆದರೆ ಬರುವುದಿಲ್ಲ.

ಸಂಬಳದ ಲೆಕ್ಕ: ಎಂಒಎಚ್‌ಗಳ ಸಂಬಳಕ್ಕೆ ಮೇಲಿಂದ ಪೂರಕ ಹಣ ಕೊಡುವ ಯೋಜನೆ ಪ್ರಾಂತದ ಮಂತ್ರಾಲಯದಲ್ಲಿದೆ. ಅದರ ಷರತ್ತು ಓದದೆ ಕರಾರಿನಲ್ಲಿ ಒಟ್ಟು ಮೊತ್ತ ಬರೆದುಬಿಟ್ಟರೆ, ಹಣ ಬಾರದಿದ್ದಾಗ ವ್ಯತ್ಯಾಸವನ್ನು ಊರೇ ತುಂಬಬೇಕು. ವರ್ಷಕ್ಕೆ 1,00,000 ಡಾಲರ್ ಅಥವಾ ಹೆಚ್ಚು ಪಡೆಯುವ ಸಾರ್ವಜನಿಕ ನೌಕರರ ಪಟ್ಟಿ ಪ್ರತಿ ವರ್ಷ ಪ್ರಕಟವಾಗುತ್ತದೆ. ಬೇರೆ ಘಟಕಗಳು ಎಷ್ಟು ಕೊಡುತ್ತಿವೆ ಎಂದು ಅದರಲ್ಲೇ ನೋಡಿಕೊಳ್ಳಬಹುದು.

ಅರ್ಹತೆಯ ಪರೀಕ್ಷೆ ಸಂದರ್ಶನಕ್ಕೆ ಮುಂಚೆ ಮುಗಿದಿರಬೇಕು. ಅಭ್ಯರ್ಥಿ ಒಂಟಾರಿಯೊದ ಕಾಲೇಜ್ ಆಫ್ ಫಿಸಿಷಿಯನ್ಸ್ ಅಂಡ್ ಸರ್ಜನ್ಸ್‌ನ ಸದಸ್ಯರೇ ಎಂದು ಅದರ ಸಾರ್ವಜನಿಕ ರಿಜಿಸ್ಟರಿನಲ್ಲಿ ನೋಡಿ. ಕಾಲೇಜು ಎಂದರೆ ಇಲ್ಲಿ ಪಾಠ ಹೇಳುವ ಜಾಗವಲ್ಲ, ವೈದ್ಯರಿಗೆ ಪರವಾನಗಿ ಕೊಡುವ ಸಂಸ್ಥೆ. ವೃತ್ತಿ ನಡತೆಯ ಪ್ರಮಾಣಪತ್ರ ಅಲ್ಲಿಂದಲೇ ತರಿಸಿ. ಪರವಾನಗಿಯ ಜೊತೆಗೆ ಬೇಕಾದ ಸಾರ್ವಜನಿಕ ಆರೋಗ್ಯದ ಅರ್ಹತೆಗೆ ಮೂರು ದಾರಿಗಳಿವೆ. ಮೊದಲನೆಯದು ಈ ಶಾಸ್ತ್ರದಲ್ಲಿ, ತಜ್ಞ ವೈದ್ಯರಿಗೆ ಪರೀಕ್ಷೆ ನಡೆಸಿ ಮನ್ನಣೆ ಕೊಡುವ ಕೆನಡಾದ ರಾಯಲ್ ಕಾಲೇಜಿನ ಫೆಲೋಶಿಪ್. ಎರಡನೆಯದು ಕೆನಡಾದ ವಿಶ್ವವಿದ್ಯಾಲಯದಲ್ಲಿ ಕನಿಷ್ಠ ಒಂದು ಪೂರ್ಣ ಶೈಕ್ಷಣಿಕ ವರ್ಷದ, ಇಲ್ಲವೇ ಅಷ್ಟಕ್ಕೆ ಸಮನಾದ ಅರೆಕಾಲಿಕ, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಓದು. ಮೂರನೆಯದು ಮಂತ್ರಿ ಸಮಾನವೆಂದು ಒಪ್ಪಿದ ಹೊರದೇಶದ ಅರ್ಹತೆ. ಎರಡನೆಯ ದಾರಿಯಲ್ಲಿ ಒಂದು ಮುಳ್ಳಿದೆ. ಆ ಓದಿನಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರ, ಸಂಖ್ಯಾ ವಿಧಾನಗಳು, ನಿರ್ವಹಣೆ ಮತ್ತು ಆಡಳಿತ, ರೋಗತಡೆ ಮತ್ತು ಆರೋಗ್ಯ ವರ್ಧನೆ ಎಲ್ಲವೂ ಇರಬೇಕು. ಎಂಪಿಎಚ್, ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಎಂದು ಪದವಿಯ ಹೆಸರಿದ್ದ ಮಾತ್ರಕ್ಕೆ ಸಾಲದು. ಆಡಳಿತದ ಪಾಠವೇ ಇಲ್ಲದೆ ಸಂಶೋಧನೆಯ ಕಡೆ ವಾಲಿದ ಪದವಿಗಳೂ ಇವೆ. ಅಂಕಪಟ್ಟಿಯ ಜೊತೆ ಕೋರ್ಸುಗಳ ವಿವರವನ್ನೂ ಮೊದಲೇ ಕೇಳಿ ಇಟ್ಟುಕೊಳ್ಳಿ.

ಸಂದರ್ಶನದಲ್ಲಿ ದರ್ಶನ, ಧ್ಯೇಯ ಎಂದು ಕೇಳಿ ಕಾಲ ಕಳೆಯುವುದಕ್ಕಿಂತ ಒಂದು ಸನ್ನಿವೇಶ ಕೊಡುವುದು ಲೇಸು. ಶುಕ್ರವಾರ ಸಂಜೆ ನಾಲ್ಕೂವರೆ. ಊರಿನ ಜಾತ್ರೆಗೆ ಮರುದಿನ ಸಾವಿರಾರು ಜನ ಬರಲಿದ್ದಾರೆ. ಬಾವಿಯೊಂದರ ನೀರಿನ ಮಾದರಿ ಕೆಟ್ಟಿದೆ ಎಂದು ಪ್ರಯೋಗಾಲಯದಿಂದ ಕರೆ ಬಂದಿದೆ. ಸೋಮವಾರದವರೆಗೆ ತಡೆಯಿರಿ ಎಂದು ಮೇಯರ್ ಕೇಳುತ್ತಿದ್ದಾರೆ. ಹತ್ತು ನಿಮಿಷದಲ್ಲಿ ಏನು ಮಾಡುತ್ತೀರಿ, ಜನರಿಗೆ ಯಾವ ಮಾತಿನಲ್ಲಿ ಹೇಳುತ್ತೀರಿ, ಮೇಯರಿಗೆ ಏನು ಉತ್ತರ? ಮೂರಕ್ಕೂ ಬೇರೆ ಬೇರೆ ಅಂಕ ಕೊಡಿ. ರೋಗಶಾಸ್ತ್ರ ಚೆನ್ನಾಗಿ ಬಲ್ಲವರು ಎರಡನೆಯದರಲ್ಲಿ ತೊದಲುವುದುಂಟು, ಮಾತಿನ ಮಲ್ಲರು ಮೂರನೆಯದರಲ್ಲಿ ಬಗ್ಗುವುದುಂಟು.

ಆಯ್ಕೆಯಾದ ಮೇಲಿನ ಕ್ರಮದಲ್ಲಿ ಅವಸರ ಬೇಡ. ಒಬ್ಬ ವ್ಯಕ್ತಿಯ ಸ್ವಂತ ವಿಷಯವೆಂದು ಮಂಡಳಿ ಬಾಗಿಲು ಮುಚ್ಚಿ ಚರ್ಚಿಸಬಹುದು. ಆದರೆ ಮುಚ್ಚಿದ ಸಭೆಯಲ್ಲಿ ಕಾರ್ಯವಿಧಾನದ ವಿಷಯಕ್ಕೆ, ಅಧಿಕಾರಿಗಳಿಗೆ ಸೂಚನೆ ಕೊಡುವುದಕ್ಕೆ ಬಿಟ್ಟರೆ ಮತ ಹಾಕುವಂತಿಲ್ಲ. ನೇಮಕದ ಗೊತ್ತುವಳಿಯನ್ನು ತೆರೆದ ಸಭೆಯಲ್ಲೇ ಅಂಗೀಕರಿಸಬೇಕು. ಆ ಗೊತ್ತುವಳಿಯಲ್ಲೂ ಕರಾರಿನಲ್ಲೂ ‘ಮಂತ್ರಿಯ ಒಪ್ಪಿಗೆಗೆ ಒಳಪಟ್ಟು’ ಎಂಬ ಮಾತು ಇರಲೇಬೇಕು. ಕಡತ ಮಂತ್ರಾಲಯಕ್ಕೆ ಹೋಗಿ ಒಪ್ಪಿಗೆ ಬರುವವರೆಗೆ ಆ ವೈದ್ಯರನ್ನು ಹಂಗಾಮಿ ಎಂದೇ ಕೂರಿಸಬಹುದು, ಹಾಗೆಂದೇ ಕರೆಯಬೇಕು. ಒಪ್ಪಿಗೆಗೆ ಮುಂಚೆ ಪತ್ರಿಕೆಯವರನ್ನು ಕರೆದು ಶಾಲು ಹೊದಿಸಿದರೆ, ಕೋರ್ಸಿನ ವಿವರ ಸಾಲದು ಎಂದು ಕಡತ ವಾಪಸಾದ ದಿನ ಮಂಡಳಿಗೂ ಮುಜುಗರ, ಬಂದವರಿಗೂ ಅವಮಾನ.

ಕರಾರಿಗೆ ಮೂರು ವರ್ಷ, ಐದು ವರ್ಷ ಎಂದು ಗಡುವು ಇಡುವ ಆಸೆ ಕೆಲವು ಮಂಡಳಿಗಳಿಗಿರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದು ಕೆಟ್ಟ ಆಸೆ. ಮೂರನೇ ಎರಡು ಮತ, ಮಂತ್ರಿಯ ಸಮ್ಮತಿ ಎಂದು ಮುಂಬಾಗಿಲಿಗೆ ಚಿಲಕ ಹಾಕಿ, ನವೀಕರಣವೆಂಬ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ವಕೀಲರನ್ನು ಕೇಳದೆ ಅಂಥ ಷರತ್ತು ಹಾಕಬೇಡಿ. ಅರ್ಜಿದಾರರಾದರೆ ಅಂಥದಕ್ಕೆ ಸಹಿ ಮಾಡಬೇಡಿ.

ಊರಲ್ಲಿ ಓದಿ ಬಂದ ವೈದ್ಯರಿಗೆ

ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ, ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂಡಿ ಮಾಡಿದವರು ಈ ಹುದ್ದೆ ತಮಗೆಂದೇ ಇದೆ ಎಂದುಕೊಳ್ಳುವುದು ಸಹಜ. ಮೇಲೆ ಹೇಳಿದ ಮೂರನೆಯ ದಾರಿಯಲ್ಲಿ ಆ ಎಂಡಿಗೆ ಬೆಲೆ ಸಿಕ್ಕರೂ ಸಿಗಬಹುದು. ಆದರೆ ಅವರನ್ನು ತಡೆಯುವುದು ಸಾರ್ವಜನಿಕ ಆರೋಗ್ಯದ ಪದವಿಯಲ್ಲ, ವೈದ್ಯ ಪರವಾನಗಿ. ಎಂಡಿ ಎಷ್ಟೇ ಒಳ್ಳೆಯದಿದ್ದರೂ ಪರವಾನಗಿ ಇಲ್ಲದೆ ಹಂಗಾಮಿಯೂ ಆಗುವಂತಿಲ್ಲ.

ಪರವಾನಗಿಯ ಸಾಮಾನ್ಯ ದಾರಿ: ಪದವಿ ಪತ್ರಗಳನ್ನು ಮೂಲ ಸಂಸ್ಥೆಯಿಂದಲೇ ದೃಢಪಡಿಸಿಕೊಳ್ಳುವುದು, ಮೆಡಿಕಲ್ ಕೌನ್ಸಿಲ್ ಆಫ್ ಕೆನಡಾದ ಅರ್ಹತಾ ಪರೀಕ್ಷೆ, ನ್ಯಾಕ್ ಎಂಬ ಪ್ರಾಯೋಗಿಕ ಪರೀಕ್ಷೆ, ಆಮೇಲೆ ಸೀಟು ಹಂಚುವ ಕಾರ್ಮ್ಸ್ ಎಂಬ ಸಂಸ್ಥೆಯ ಮೂಲಕ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ವೈದ್ಯ ತರಬೇತಿ, ಸೀಟಿಗೆ ಸ್ಪರ್ಧೆ. ಸಾರ್ವಜನಿಕ ಆರೋಗ್ಯ ಮತ್ತು ರೋಗತಡೆ ವೈದ್ಯಶಾಸ್ತ್ರದ ರೆಸಿಡೆನ್ಸಿ ಐದು ವರ್ಷ. ಟೊರಾಂಟೊ, ಮೆಕ್‌ಮಾಸ್ಟರ್, ಒಟ್ಟಾವ, ಕ್ವೀನ್ಸ್ ವಿಶ್ವವಿದ್ಯಾಲಯಗಳಲ್ಲಿ ಇದೆ. ಮುಗಿದ ಮೇಲೆ ಫೆಲೋಶಿಪ್ ಪರೀಕ್ಷೆ. ಸೀಟುಗಳು ಕಡಿಮೆ, ಇದನ್ನು ಮರೆಮಾಚಿ ಪ್ರಯೋಜನವಿಲ್ಲ.

ಈಗಾಗಲೇ ಇಲ್ಲಿ ಫ್ಯಾಮಿಲಿ ಡಾಕ್ಟರ್ ಆಗಿ ಪರವಾನಗಿ ಪಡೆದವರಿಗೆ ದಾರಿ ಬಹಳ ಹತ್ತಿರ. ಮೇಲಿನ ವಿಷಯಗಳೆಲ್ಲ ಇರುವ ಒಂದು ವರ್ಷದ ಸ್ನಾತಕೋತ್ತರ ಓದು ಮುಗಿಸಿದರೆ ಕಾಗದದ ಮೇಲೆ ಅರ್ಹತೆ ಬಂತು. ದೊಡ್ಡ ಊರಿನ ಮಂಡಳಿಗಳು ಫೆಲೋಶಿಪ್ ಇದ್ದವರ ಕಡೆಗೇ ವಾಲುವುದರಿಂದ, ಉತ್ತರದ ಸಣ್ಣ ಘಟಕದಲ್ಲಿ ಹಂಗಾಮಿಯಾಗಿ ಅಥವಾ ಸಹಾಯಕ ಎಂಒಎಚ್ ಆಗಿ ಶುರು ಮಾಡುವುದು ಜಾಣತನ. ಅಂದಹಾಗೆ, ಸಹಾಯಕ ಎಂಒಎಚ್ ನೇಮಕಕ್ಕೂ ಮಂತ್ರಿಯ ಒಪ್ಪಿಗೆ ಬೇಕು.

ಪರವಾನಗಿಯ ದಾರಿ ಹಿಡಿಯಲು ವಯಸ್ಸು, ಹಣ, ಮನೆಯ ಹೊಣೆ ಅಡ್ಡ ಬಂದವರಿಗೆ ಇದೇ ಕಚೇರಿಯಲ್ಲಿ ಬೇರೆ ಮೇಜುಗಳಿವೆ. ಎಪಿಡೆಮಿಯಾಲಜಿಸ್ಟ್, ಆರೋಗ್ಯ ಪ್ರಚಾರಕ, ಕಾರ್ಯಕ್ರಮ ಯೋಜಕ ಹುದ್ದೆಗಳಿಗೆ ವೈದ್ಯ ಪರವಾನಗಿ ಬೇಡ. ಕಮ್ಯುನಿಟಿ ಮೆಡಿಸಿನ್ ಎಂಡಿಯ ಪ್ರಬಂಧ, ಸಮೀಕ್ಷೆ, ಅಂಕಿಅಂಶದ ಕೆಲಸಕ್ಕೆ ಅಲ್ಲಿ ನೇರವಾಗಿ ಬೆಲೆಯಿದೆ. ಅರ್ಜಿಯಲ್ಲಿ ಪದವಿಯ ಹೆಸರಿನ ಬದಲು ಮಾಡಿದ ಕೆಲಸವನ್ನು ಮುಂದಿಡಿ: ಎಷ್ಟು ಮನೆಗಳ ಸಮೀಕ್ಷೆ, ಯಾವ ರೋಗದ ಹಬ್ಬುವಿಕೆ, ಯಾವ ಸಾಫ್ಟ್‌ವೇರ್.