ಚಿಕ್ಕಮ್ಮನ ಮಂಡಿ ನೋವು, ಚೀನಾದ ಸೂಜಿ, ಒಂದು ಪಿಡಿಎಫ್

ತ್ಯಾಗರಾಜನಗರದ ನಮ್ಮ ಚಿಕ್ಕಮ್ಮನಿಗೆ ಮಂಡಿ ನೋವು. ಲಾಲ್‌ಬಾಗಿನಲ್ಲಿ ಜೊತೆಗೆ ವಾಕ್ ಮಾಡುವವರು ಯಾರೋ ಅಕ್ಯುಪಂಕ್ಚರ್, ಅಂದರೆ ಮೈಗೆ ಸಣ್ಣ ಸೂಜಿ ಚುಚ್ಚಿ ಚಿಕಿತ್ಸೆ ಮಾಡುವ ಚೀನೀ ಪದ್ಧತಿ, ಅದರ ಬಗ್ಗೆ ಒಂದು ಸಂಶೋಧನಾ ಪೇಪರಿನ ಪಿಡಿಎಫ್ ಕಳಿಸಿದ್ದಾರೆ. "ಏನೇ, ನೀನು ಅದೇ ಕೆಲಸದಲ್ಲಿದೀಯಲ್ಲ, ನಿಜಾನಾ ನೋಡಿ ಹೇಳು" ಅಂತ ನನಗೆ ದಾಟಿಸಿದರು. ನಾನು ಡಾಕ್ಟರಲ್ಲ, ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್, ಅಂದರೆ ಮದ್ದು, ಚಿಕಿತ್ಸೆಗಳನ್ನು ಜನರ ಮೇಲೆ ಪರೀಕ್ಷಿಸುವ ಕಡೆ ಕೆಲಸ ನೋಡಿಕೊಳ್ಳುವವಳು. ಹದಿನಾಲ್ಕು ವರ್ಷದಿಂದ ಫೈಲು ಜೋಡಿಸಿ, ಫೋನ್ ಮಾಡಿ, ರೋಗಿಗಳನ್ನು ಕಾಯುವುದೇ ಕೆಲಸ. ಇಂಥ ಪೇಪರನ್ನು ಎಲ್ಲಿಂದ ಓದಬೇಕು ಅನ್ನುವುದಂತೂ ಗೊತ್ತು.

ಕೊನೆಯ ತೀರ್ಮಾನ ಮೊದಲೇ ಓದಬೇಡಿ. ಅಲ್ಲಿ ಸಾಮಾನ್ಯವಾಗಿ ಎಲ್ಲರೂ ಗೆದ್ದಿರುತ್ತಾರೆ. ಮೊದಲು ಹುಡುಕಬೇಕಾದ್ದು, ಯಾರ ಜೊತೆ ಹೋಲಿಸಿದರು ಅಂತ. ಸೂಜಿ ಚುಚ್ಚಿಸಿಕೊಂಡವರನ್ನು ಏನೂ ಮಾಡಿಸಿಕೊಳ್ಳದವರ ಪಕ್ಕ ನಿಲ್ಲಿಸಿದರೆ ಸೂಜಿ ಗೆಲ್ಲುವುದು ಸುಲಭ. ಅರ್ಧ ಗಂಟೆ ಮಲಗಿಸಿ ಒಬ್ಬರು ಸಮಾಧಾನವಾಗಿ ವಿಚಾರಿಸಿದರೇ ನೋವು ಕಮ್ಮಿ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಸುಳ್ಳು ಸೂಜಿ ಬೇಕು. 1998ರಲ್ಲಿ ಸ್ಟ್ರೈಟ್‌ಬರ್ಗರ್ ಅನ್ನುವವರು ಜರ್ಮನಿಯಲ್ಲಿ ಅಂಥದ್ದೊಂದನ್ನು ತೋರಿಸಿದರು. ತುದಿ ಮೊಂಡು. ಒತ್ತಿದರೆ ನಾಟಕದ ಚಾಕುವಿನ ಹಾಗೆ ಹಿಡಿಯೊಳಗೆ ಜಾರುತ್ತದೆ. ಮಲಗಿದವರಿಗೆ ಚುಚ್ಚಿದ ಹಾಗೇ ಇರುತ್ತದೆ.

2007ರಲ್ಲಿ ಪ್ರಕಟವಾದ ಜರ್ಮನಿಯ ಇನ್ನೊಂದು ಟ್ರಯಲ್ ನನಗೆ ಬಹಳ ಇಷ್ಟ. ಸೊಂಟ ನೋವಿನ 1162 ಜನ, ಮೂರು ಗುಂಪು. ಒಂದಕ್ಕೆ ಚೀನೀ ಪದ್ಧತಿಯಂತೆ ಸರಿಯಾದ ಜಾಗದಲ್ಲಿ ಸೂಜಿ. ಇನ್ನೊಂದಕ್ಕೆ ಬೇಕಂತಲೇ ತಪ್ಪು ಜಾಗದಲ್ಲಿ, ಹೆಚ್ಚು ಆಳಕ್ಕೆ ಇಳಿಸದೆ. ಮೂರನೆಯದಕ್ಕೆ ಮಾಮೂಲಿ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳ ಮೇಲೆ ನೋಡಿದರೆ ಸುಧಾರಿಸಿದವರು ಕ್ರಮವಾಗಿ ನೂರಕ್ಕೆ 47.6, 44.2, 27.4. ಮೊದಲ ಮತ್ತು ಮೂರನೇ ಅಂಕಿ ಮಾತ್ರ ತೋರಿಸಿದರೆ "ಸೂಜಿ ಅದ್ಭುತ" ಅನ್ನಬಹುದು. ಮಧ್ಯದ ಅಂಕಿ ನೋಡಿದರೆ, ಜಾಗ ಯಾವುದಾದರೂ ಹೆಚ್ಚು ವ್ಯತ್ಯಾಸ ಇಲ್ಲವೇನೋ ಅನ್ನಿಸುತ್ತದೆ. ಚಿಕ್ಕಮ್ಮನ ಪಿಡಿಎಫ್‌ನಲ್ಲಿ ಆ ಮಧ್ಯದ ಗುಂಪೇ ಇರಲಿಲ್ಲ.

ಆಮೇಲೆ ನೋಡಬೇಕಾದ್ದು ನೋಂದಣಿ ಸಂಖ್ಯೆ, ಅಂದರೆ ಟ್ರಯಲನ್ನು ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಬರೆಸಿದಾಗ ಸಿಗುವ ನಂಬರು. ನಮ್ಮ ದೇಶದ್ದಾದರೆ ಸಿಟಿಆರ್‌ಐ (CTRI), ಚೀನಾದ್ದಾದರೆ ಹೆಚ್ಚಾಗಿ ಚಿಸಿಟಿಆರ್ (ChiCTR) ಅಂತ ಶುರುವಾಗುತ್ತದೆ. ಮೊಬೈಲಿನಲ್ಲೇ ಸುಮ್ನೆ ಹುಡುಕಿ, ದುಡ್ಡೇನೂ ಇಲ್ಲ. ಮೊದಲ ರೋಗಿ ಸೇರಿದ ಮೇಲೆ ನೋಂದಣಿ ಆಗಿದ್ದರೆ ನಾನು ಹುಬ್ಬೇರಿಸುತ್ತೇನೆ. ಏನನ್ನು ಅಳೆಯುತ್ತೇವೆ ಅಂತ ಮೊದಲು ಬರೆದದ್ದಕ್ಕೂ ಪೇಪರಿನಲ್ಲಿ ಇರುವುದಕ್ಕೂ ತಾಳೆ ಆಗದಿದ್ದರೆ ಅಲ್ಲಿಗೇ ಬಿಡುತ್ತೇನೆ.

ಸೂಜಿ ಬದಲು ಬೇರು, ಪುಡಿ, ಕಷಾಯದ ಟ್ರಯಲ್ ಆದರೆ ಗಿಡದ ಲ್ಯಾಟಿನ್ ಹೆಸರು ಇದೆಯಾ ನೋಡಿ. ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಬ್ರಾಹ್ಮಿ ಕೇಳಿ ನೋಡಿ. ಕೆಲವರಿಗೆ ಅದು ಒಂದೆಲಗ, ಇನ್ನು ಕೆಲವರಿಗೆ ನೀರುಬ್ರಾಹ್ಮಿ. ಎರಡೂ ಬೇರೆ ಗಿಡ. ಇಲ್ಲಿ ಚಟ್ನಿ ಕೆಡಬಹುದು, ಅಷ್ಟೇ. ಬೆಲ್ಜಿಯಂನಲ್ಲಿ 1990ರ ದಶಕದ ಶುರುವಿನಲ್ಲಿ ಕಿಡ್ನಿಗಳೇ ಹೋದವು. ತೂಕ ಇಳಿಸುವ ಮಾತ್ರೆಗೆ ಸ್ಟೆಫೇನಿಯಾ ಬೇರು ಹಾಕಬೇಕಿತ್ತು. ಚೀನೀ ಭಾಷೆಯಲ್ಲಿ ಎರಡು ಬೇರುಗಳಿಗೂ "ಫಾಂಗ್‌ಜಿ" ಅನ್ನುವ ಹೆಸರು ಅಂಟಿಕೊಂಡಿದ್ದರಿಂದ ಅರಿಸ್ಟೊಲೋಕಿಯಾ ಸೇರಿತು. ಅದರಲ್ಲಿರುವ ಆಮ್ಲ ಕಿಡ್ನಿ ಕೆಡಿಸುವುದಷ್ಟೇ ಅಲ್ಲ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ.

ಹಾಗಂತ ಚೀನಾದ್ದು ಅಂದ ತಕ್ಷಣ ಮೂಗು ಮುರಿಯುವುದೂ ಸರಿಯಲ್ಲ. ಚೀನಾದ ವಿಜ್ಞಾನಿ ತೂ ಯೂಯೂ ಅವರಿಗೆ 2015ರ ನೊಬೆಲ್ ತಂದುಕೊಟ್ಟ ಮಲೇರಿಯಾ ಮದ್ದು ಹಳೆಯ ಗ್ರಂಥದ ಸಾಲಿನಿಂದಲೇ ಹೊಳೆದದ್ದು. ಸೊಪ್ಪನ್ನು ನೆನೆಸಿ ಹಿಂಡಿ ಕುಡಿಯಿರಿ ಅಂತಿತ್ತು ಅಲ್ಲಿ, ಕುದಿಸಿ ಅಂತ ಇರಲಿಲ್ಲ. ಬಿಸಿಗೆ ಸತ್ವ ಹೋಗುತ್ತಿರಬೇಕು ಅಂತ ಅವರು ಈಥರ್‌ನಲ್ಲಿ ಕಡಿಮೆ ಶಾಖದಲ್ಲಿ ತೆಗೆದರು. 2023ರಲ್ಲಿ ಜಿಗಣೆ, ಚೇಳು ಎಲ್ಲ ಸೇರಿದ ಟಾಂಗ್‌ಷಿನ್‌ಲೂವೊ ಅನ್ನುವ ಕ್ಯಾಪ್ಸೂಲನ್ನು ಹಾರ್ಟ್ ಅಟ್ಯಾಕ್ ಆದ 3777 ಜನರಲ್ಲಿ, ಸುಳ್ಳು ಕ್ಯಾಪ್ಸೂಲಿನ ಎದುರು ಪರೀಕ್ಷಿಸಿದ ಫಲಿತಾಂಶ ಬಂತು. 30 ದಿನದಲ್ಲಿ ಸಾವು, ಮತ್ತೆ ಅಟ್ಯಾಕ್, ಸ್ಟ್ರೋಕ್‌ನಂಥ ದೊಡ್ಡ ತೊಂದರೆ 3.4 ಪರ್ಸೆಂಟ್, ಸುಳ್ಳಿನಲ್ಲಿ 5.2. ನೂರು ಜನಕ್ಕೆ ಇಬ್ಬರಿಗಿಂತ ಸ್ವಲ್ಪ ಕಮ್ಮಿ ಲಾಭ. ಆದರೆ ಎರಡೂ ಗುಂಪಿಗೆ ಮಾಮೂಲಿ ಚಿಕಿತ್ಸೆ ನಡೆಯುತ್ತಲೇ ಇತ್ತು. ಇದನ್ನು ಮಾತ್ರ ಚಿಕ್ಕಮ್ಮನಿಗೆ ಮೂರು ಸಲ ಹೇಳಿದೆ, ಬಿಪಿ ಮಾತ್ರೆ ನಿಲ್ಲಿಸುವ ಚಾಳಿ ಅವರಿಗಿದೆ.

ಇಂಥ ಟ್ರಯಲ್‌ಗೆ ನಿಮ್ಮನ್ನೇ ಕರೆದರೆ ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ, ಮನೆಗೆ ಒಯ್ದು ಓದಿ. ತೊಂದರೆಯಾದರೆ ಖರ್ಚು ಯಾರದು ಅಂತ ಬರೆದಿದೆಯಾ ನೋಡಿ. ಅರ್ಥವಾಗದಿದ್ದರೆ ನಾಚಿಕೆ ಬೇಡ. ನಾನು ಹಿಂದೆ ಇದ್ದ ಒಂದು ಕಡೆ ಪತ್ರದಲ್ಲಿ "ಯಾದೃಚ್ಛಿಕ ಹಂಚಿಕೆ" ಅಂತಿತ್ತು. ಒಬ್ಬ ಅಜ್ಜಿ "ಯಾವ ಆಸ್ತಿ ಹಂಚ್ತೀರಮ್ಮ?" ಅಂದರು. "ಚೀಟಿ ಎತ್ತಿದ ಹಾಗೆ ಅಜ್ಜಿ, ನಿಮಗೆ ನಿಜದ ಮದ್ದೇ ಬರುತ್ತೆ ಅಂತೇನಿಲ್ಲ" ಅಂದ ಮೇಲೆ ಅರ್ಥವಾಯಿತು.

ಇಷ್ಟೂ ಫೋನಿನಲ್ಲಿ ವಿವರಿಸಿದೆ. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ವೇ, ಆ ಒಳಗೆ ಹೋಗದ ಸೂಜಿ ಹಾಕೋರು ಜಯನಗರದಲ್ಲಿ ಯಾರಾದ್ರೂ ಇದಾರಾ? ರೇಟು ಕಮ್ಮಿ ಇರುತ್ತೆ ತಾನೇ?" ಅಂದರು.