ನಾನು ಬರುವವರೆಗೆ ಆಂಪ್ ಆನ್ ಮಾಡಬೇಡಿ

ನನ್ನ ಮೊದಲ ಟ್ಯೂಬ್ ಆಂಪ್, ಅಂದರೆ ಗಾಜಿನ ಟ್ಯೂಬ್‌ಗಳಿಂದ ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆ, ಒಂದು ಮಳೆಗಾಲವನ್ನೂ ದಾಟಲಿಲ್ಲ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಕೊಡಗಿನ ಸಿದ್ದಾಪುರದ ಹತ್ತಿರದ ನಮ್ಮ ಮನೆಗೆ ತಂದಿದ್ದೆ. ಜುಲೈ ಹೊತ್ತಿಗೆ ಕಪ್ಪು ರೆಕ್ಸಿನ್ ಮೇಲೆಲ್ಲ ಬಿಳಿ ಬೂಷ್ಟು. ಆಗಸ್ಟ್‌ನಲ್ಲಿ ಒಂದು ಸಂಜೆ ನುಡಿಸುತ್ತಿದ್ದಾಗ ಸುಟ್ಟ ವಾಸನೆ ಬಂತು, ಸದ್ದು ನಿಂತಿತು. ಫ್ಯೂಸ್ ತೆಗೆದು ನೋಡಿದರೆ ಏನೂ ಆಗಿಲ್ಲ. ಹಿಂದೆ ಯಾರೋ ರಿಪೇರಿಯವರು ಅದರಲ್ಲಿ ಬರೆದದ್ದಕ್ಕಿಂತ ದೊಡ್ಡ ಆಂಪಿಯರ್‌ನ ಫ್ಯೂಸ್ ತುರುಕಿದ್ದರು. ಫ್ಯೂಸ್ ಉಳಿಯಿತು, ಟ್ರಾನ್ಸ್‌ಫಾರ್ಮರ್ ಹೋಯಿತು. ಕೊಳ್ಳುವಾಗ ಎರಡು ನಿಮಿಷ ಹಿಂಬದಿ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ನೋಡಿದ್ದು ಮುಂಭಾಗದ ಹೆಸರು ಮಾತ್ರ.

ಎರಡನೇ ಸಲ ರೋಬಸ್ಟಾ ಮಾರಿದ ದುಡ್ಡು ಕೈಯಲ್ಲಿತ್ತು, ಬುದ್ಧಿಯೂ ಸ್ವಲ್ಪ ಬಂದಿತ್ತು. ಬೇಕಾಗಿದ್ದು ಬ್ರಿಟಿಷ್ ಸದ್ದೇ. 1962ರಲ್ಲಿ ಲಂಡನ್‌ನ ಹ್ಯಾನ್‌ವೆಲ್‌ನ ಒಂದು ಅಂಗಡಿಯಲ್ಲಿ ಮಾರ್ಷಲ್‌ನವರು ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪ್ ನೋಡಿಕೊಂಡೇ ತಮ್ಮ ಮೊದಲ ಆಂಪ್ ಕಟ್ಟಿದರು. ಆದರೆ ಹೋಗ್ತಾ ಹೋಗ್ತಾ ಇಎಲ್34 ಟ್ಯೂಬು, ಸೆಲೆಸ್ಟಿಯನ್ ಸ್ಪೀಕರು ಸೇರಿ ಬೇರೆಯೇ ದನಿ ಬಂತು. ಮಧ್ಯದ ಸ್ವರ ಮುಂದಕ್ಕೆ ಬರುತ್ತದೆ, ಜೋರು ಮಾಡಿದರೆ ಗೊರಗೊರ ಎನ್ನುತ್ತದೆ. ಅದಕ್ಕೂ ಮೊದಲೇ, 1958ರಲ್ಲಿ, ವಾಕ್ಸ್‌ನವರ ಎಸಿ15 ಬಂದಿತ್ತು. ಅದರಲ್ಲಿ ಇಎಲ್84 ಎಂಬ ಚಿಕ್ಕ ಟ್ಯೂಬ್ ಎರಡು. ಗಂಟೆ ಬಡಿದ ಹಾಗೆ ಕಿಣಿಕಿಣಿ, ಒತ್ತಿ ನುಡಿಸಿದರೆ ಮೆಲ್ಲಗೆ ಒಡೆಯುತ್ತದೆ.

ಮನಸ್ಸು ಮೊದಲು ಓಡಿದ್ದು 100 ವ್ಯಾಟ್‌ನ ಹಳೆ ಮಾರ್ಷಲ್ ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್) ಕಡೆಗೆ. ಫೋಟೋದಲ್ಲಿ ನೋಡಿದರೆ ಯಾರಿಗೆ ಆಸೆಯಾಗಲ್ಲ ಹೇಳಿ? ಆದರೆ ಲೆಕ್ಕ ಹಾಕಿ ನೋಡಿ. 50 ವ್ಯಾಟ್‌ಗೂ 100 ವ್ಯಾಟ್‌ಗೂ ಇರುವ ವ್ಯತ್ಯಾಸ ಬರೀ 3 ಡೆಸಿಬಲ್. 15ಕ್ಕೂ 100ಕ್ಕೂ ಸುಮಾರು 8. ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ 10 ಡೆಸಿಬಲ್ ಬೇಕು. ಹೆಂಚಿನ ಮನೆಯ ಹಾಲ್‌ನಲ್ಲಿ 15 ವ್ಯಾಟ್ ಪೂರ್ತಿ ತಿರುಗಿಸಿದರೆ ನಾಯಿ ಕಾಫಿ ಗಿಡದ ಬುಡಕ್ಕೆ ಓಡುತ್ತದೆ. ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ.

ಕೊನೆಗೆ ತೀರ್ಮಾನ ಮಾಡಿಸಿದ್ದು ನಮ್ಮ ಪೇಟೆಯ ರೇಡಿಯೋ ಕಾಕ. ಎಪ್ಪತ್ತು ದಾಟಿದವರು, ಈಗ ಮಿಕ್ಸಿ, ಎಮರ್ಜೆನ್ಸಿ ಲೈಟ್ ರಿಪೇರಿ ಮಾಡುತ್ತಾರೆ. ಹಳೆ ಆಂಪ್‌ನ ಹೆಣ ಅವರ ಮೇಜಿನ ಮೇಲೆ ಇಟ್ಟಿದ್ದೆ. ಗಿಟಾರಿನವರು ಟ್ಯೂಬ್ ಅಂದರೆ ಅವರಿಗೆ ಅರ್ಥವಾಗಲ್ಲ. ಅವರಿಗೆ ಅದು ವಾಲ್ವ್. ಇಂಗ್ಲೆಂಡಿನವರೂ ವಾಲ್ವ್ ಎಂದೇ ಹೇಳುವುದು ಅಂದೆ. "ಪಿನ್ನೆ?" (ಮತ್ತಿನ್ನೇನು?) ಅಂದರು.

ನಾನು ನೋಡಿಟ್ಟ ಆಂಪ್‌ಗಳ ಪಟ್ಟಿ ಓದಿದೆ. ಇಎಲ್34 ಅಂದಾಗ ಸುಮ್ಮನಿದ್ದರು. ಇಎಲ್84 ಅಂದ ತಕ್ಷಣ ಎದ್ದು, ಮೇಲಿನ ಹಲಗೆಯಿಂದ ಬಿಸ್ಕತ್ ಡಬ್ಬಿ ಇಳಿಸಿದರು. ಒಳಗೆ ಪೇಪರ್ ಸುತ್ತಿದ ವಾಲ್ವ್‌ಗಳು. ಒಂದನ್ನು ಬನಿಯನ್‌ಗೆ ಒರೆಸಿ ಕೈಗೆ ಕೊಟ್ಟರು. ಗಾಜಿನ ಮೇಲೆ ಮಾಸಿದ ಅಕ್ಷರ: ಬಿಇಎಲ್. "ಬೆಂಗಳೂರು ಜಾಲಹಳ್ಳಿದು. ಇದು ರೇಡಿಯೋದ್ದೇ ವಾಲ್ವ್ ಮೋನೇ. ಇದಾದರೆ ನಾನು ನೋಡಿಕೊಳ್ತೇನೆ."

ಅಲ್ಲಿಗೆ ಮುಗಿಯಿತು. ಇಎಲ್34ರ ಮಾರ್ಷಲ್‌ಗಳಲ್ಲಿ ಸಾಮಾನ್ಯವಾಗಿ ಪವರ್ ಟ್ಯೂಬ್ (ಸ್ಪೀಕರಿಗೆ ಬಲ ಕೊಡುವ ಟ್ಯೂಬ್) ಬದಲಿಸಿದಾಗ ಬಯಾಸ್, ಅಂದರೆ ನುಡಿಸದಿರುವಾಗ ಅದರಲ್ಲಿ ಹರಿಯುವ ಕರೆಂಟಿನ ಮಟ್ಟ, ಅಳೆದು ಕೂರಿಸಬೇಕು. ಅದಕ್ಕೆ ಗೊತ್ತಿರುವವರು ಬೇಕು. ಮೈಸೂರಿಗೋ ಬೆಂಗಳೂರಿಗೋ ಹೊತ್ತುಕೊಂಡು ಹೋಗಬೇಕು. ಎಸಿ15ರಲ್ಲಿ ಕ್ಯಾಥೋಡ್ ಬಯಾಸ್, ತಾನೇ ಹೊಂದಿಕೊಳ್ಳುತ್ತದೆ. ಹೊಂದುವ ಜೋಡಿ ಇಎಲ್84 ತಂದು ಚುಚ್ಚಿದರೆ ಆಯಿತು. ಅದಕ್ಕೆ ಪ್ರತಿಯಾಗಿ ಅವು ಸದಾ ಕುದಿಯುತ್ತಲೇ ಇರುತ್ತವೆ, ಬೇಗ ಸವೆಯುತ್ತವೆ. ಇರಲಿ, ಆ ಖರ್ಚು ನನಗೆ ಒಪ್ಪಿಗೆ.

ಮೈಸೂರಿನಲ್ಲಿ ಒಬ್ಬ ಹುಡುಗನ ಹತ್ತಿರ ಎಸಿ15 ಕಾಂಬೋ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ) ಸಿಕ್ಕಿತು. ಇದು ಈಗಿನ ಕಾಲದ್ದು, ಇಂಗ್ಲೆಂಡಿನಲ್ಲಿ ಕಟ್ಟಿದ್ದಲ್ಲ. ಫೋನಿನಲ್ಲೇ ಒಂದು ಮಾತು ಹೇಳಿದೆ, ನಾನು ಬರುವವರೆಗೆ ಆನ್ ಮಾಡಬೇಡಿ ಅಂತ. ಹಳೆ ಜೀಪ್ ನೋಡಲು ಹೋದಾಗ ಬಾನೆಟ್ ಮುಟ್ಟಿ ನೋಡಲ್ವಾ? ಇಂಜಿನ್ ಬಿಸಿಯಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅರ್ಥ. ಇದೂ ಹಾಗೇ. ಕೆಲವು ಆಂಪ್ ತಣ್ಣಗಿದ್ದಾಗ ಕರಕರ ಅನ್ನುತ್ತವೆ, ಬಿಸಿಯಾದ ಮೇಲೆ ಸುಮ್ಮನಾಗುತ್ತವೆ. ಇನ್ನು ಕೆಲವು ತಿರುಗಾ ಮುರುಗಾ.

"ಅಣ್ಣಾ, ಆನ್ ಮಾಡ್ಲಾ?" ಅಂದ.

"ಬೇಡ, ಒಂದು ಹತ್ತು ನಿಮಿಷ ಹಿಂದುಗಡೆ ನೋಡ್ತೀನಿ."

ಮೊದಲು ಫ್ಯೂಸ್. ಪ್ಯಾನೆಲ್ ಮೇಲೆ ಬರೆದ ಆಂಪಿಯರ್ರೂ ಒಳಗಿನ ಫ್ಯೂಸಿನ ಮೇಲಿನದ್ದೂ ಒಂದೇ ಇತ್ತು. ನಂತರ ವೋಲ್ಟೇಜ್: 230. ಅಮೆರಿಕದಿಂದ ಹೊತ್ತು ತಂದದ್ದಾದರೆ 120 ಇರುತ್ತದೆ, ಆಗ ಇನ್ನೊಂದು ಟ್ರಾನ್ಸ್‌ಫಾರ್ಮರ್‌ನ ರಗಳೆ. ಪ್ಲಗ್‌ನ ಮೂರನೇ ಪಿನ್ ಇದೆಯಾ ನೋಡಿದೆ. ಅರ್ಥ್ ಪಿನ್ ಮುರಿದು ಬಳಸುವ ಧೈರ್ಯಶಾಲಿಗಳು ಇದ್ದಾರೆ. ಟ್ಯೂಬ್‌ಗಳ ತಲೆಯ ಒಳಗೆ ಕನ್ನಡಿಯಂಥ ಬೆಳ್ಳಿ ಲೇಪ ಇರಬೇಕು. ಅದು ಹಾಲಿನ ಹಾಗೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೋಗಿದೆ, ಸತ್ತಿದೆ ಅಂತ. ಆಮೇಲೆ ಮೂಗನ್ನೇ ಹಿಂದಿನಿಂದ ಒಳಗೆ ತೂರಿಸಿದೆ. ಹುಡುಗ ನಕ್ಕ. ಸುಟ್ಟ ಟ್ರಾನ್ಸ್‌ಫಾರ್ಮರ್ ವಾಸನೆ ಒಂದು ಸಲ ಮೂಗಿಗೆ ಹತ್ತಿದವನು ಮರೆಯಲ್ಲ. ಇಲ್ಲಿ ಧೂಳಿನ ವಾಸನೆ ಮಾತ್ರ.

ಸ್ಪೀಕರ್ ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್, ಕಂಪನಿಯದ್ದೇ. ಕೋನಿನ ಎರಡು ಬದಿ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿದೆ. ಉಜ್ಜಿದ ಸದ್ದು ಬಂದರೆ ಒಳಗಿನ ಕಾಯಿಲ್ ತಗುಲುತ್ತಿದೆ ಎಂದು. ಬರಲಿಲ್ಲ. ಸ್ಪೀಕರ್ ವೈರ್ ಚುಚ್ಚಿದೆಯಾ ಅಂತಲೂ ನೋಡಿದೆ. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಗಂಡಾಂತರ. ಸಾಲಿಡ್ ಸ್ಟೇಟ್ (ಟ್ಯೂಬ್ ಇಲ್ಲದ, ಟ್ರಾನ್ಸಿಸ್ಟರ್) ಆಂಪ್ ಬಳಸಿದವರಿಗೆ ಇದು ಗೊತ್ತಿರುವುದಿಲ್ಲ.

ಆನ್ ಮಾಡಿದೆವು. ಗಿಟಾರ್ ಚುಚ್ಚದೆ, ಎಲ್ಲ ವಾಲ್ಯೂಮ್ ಸೊನ್ನೆಗೆ ತಂದು ಕಿವಿಗೊಟ್ಟೆ. ಸೊನ್ನೆಯಲ್ಲೂ ಬುರ್ರ್ ಎಂದು ದಪ್ಪಗೆ ಗುನುಗಿದರೆ ಸಾಮಾನ್ಯವಾಗಿ ಫಿಲ್ಟರ್ ಕೆಪಾಸಿಟರ್ ಮುದಿಯಾಗಿವೆ. ವಾಲ್ಯೂಮ್ ಜೊತೆಗೇ ಏರುವ ಹಮ್ ಆದರೆ ತೊಂದರೆ ಗಿಟಾರಿನ ಸದ್ದನ್ನು ಮೊದಲು ಹಿಡಿಯುವ ಚಿಕ್ಕ ಟ್ಯೂಬ್‌ಗಳ (ಇಸಿಸಿ83) ಕಡೆ. ಮುಂದೆ, ವಾಲ್ಯೂಮ್ ಸ್ವಲ್ಪ ಏರಿಸಿ, ಪೆನ್ಸಿಲಿನ ರಬ್ಬರ್ ತುದಿಯಿಂದ ಮೂರೂ ಇಸಿಸಿ83 ತಟ್ಟಿದೆ. ಮೊದಲನೆಯದು ಟಣ್ ಎಂದು ಸ್ಪೀಕರಿನಲ್ಲಿ ಮೊಳಗಿತು. ಮೈಕ್ರೋಫೋನಿಕ್ ಆಗಿದೆ, ಅಂದರೆ ಅಲುಗಾಟವನ್ನೇ ಮೈಕಿನಂತೆ ಹಿಡಿಯುತ್ತಿದೆ. ಇದು ದೊಡ್ಡ ಕಾಯಿಲೆಯಲ್ಲ, ಒಂದು ಟ್ಯೂಬ್ ಬದಲಿಸಿದರೆ ಮುಗಿಯಿತು, ಆದರೆ ಚೌಕಾಸಿಗೆ ಬಂತು. ಪಾಟ್ (ವಾಲ್ಯೂಮ್, ಟೋನ್ ಗುಬ್ಬಿ) ತಿರುಗಿಸಿದಾಗಿನ ಕರಕರ ಕ್ಲೀನರ್ ಹೊಡೆದರೆ ಹೋಗುತ್ತದೆ. ಕ್ಲೀನರ್‌ಗೂ ಜಗ್ಗದಿದ್ದರೆ ಯಾವುದೋ ಕೆಪಾಸಿಟರ್ ಸೋರುತ್ತಿರಬಹುದು.

ಇಷ್ಟಾದ ಮೇಲೆ ಅರ್ಧ ಗಂಟೆ ನುಡಿಸಿದೆ, ಬಿಡದೆ. ಹಿಂದಿನ ವಾರ ಬೆಂಗಳೂರಿನಲ್ಲಿ ಒಂದು ಆಂಪ್ ಮೊದಲ ಇಪ್ಪತ್ತು ನಿಮಿಷ ಚಿನ್ನದ ಹಾಗೆ ಹಾಡಿತ್ತು. ಆಮೇಲೆ ಸದ್ದು ಇಳಿಯಿತು. ಹಿಂದೆ ಬಗ್ಗಿ ನೋಡಿದರೆ ಒಂದು ಪವರ್ ಟ್ಯೂಬಿನ ಒಳಗಿನ ತಗಡು ಕಮ್ಮಾರನ ಕುಲುಮೆಯಂತೆ ಕೆಂಪಗಾಗಿತ್ತು. ತಕ್ಷಣ ಆಫ್ ಮಾಡಿಸಿ, ಟೀ ಕುಡಿದು ಬಂದೆ. ಗಾಜಿನ ಮೇಲೆ ನೀಲಿ ಬೆಳಕು ಆಡಿದರೆ ಹೆದರಬೇಕಿಲ್ಲ. ತಗಡು ಕೆಂಪಾದರೆ ಮಾತ್ರ ಓಡಿ.

ಹುಡುಗ 52 ಸಾವಿರ ಹೇಳಿದ. ಹಳೆ ಟ್ಯೂಬ್‌ಗಳ ಲೆಕ್ಕ ಹಿಡಿದು 45ಕ್ಕೆ ಮುಗಿಸಿದೆವು. ಟ್ಯೂಬ್ ಎಲ್ಲ ಕಿತ್ತು, ಟವೆಲ್‌ನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಪಿರಿಯಾಪಟ್ಟಣದ ಮೇಲೆ ಮಾಲ್ದಾರೆ ದಾರಿಯಲ್ಲಿ ಬಂದೆ. ಕತ್ತಲಾಗುವ ಮೊದಲೇ ಹೊರಟಿದ್ದೆ. ಆ ರಸ್ತೆಯಲ್ಲಿ ಆನೆ ಸಿಕ್ಕಿ ಬ್ರೇಕ್ ಹಾಕಿದರೆ ಟ್ಯೂಬ್ ಕಥೆ ಯಾರಿಗೆ ಬೇಕು?

ಮನೆಯಲ್ಲಿ ಇನ್ನೊಂದು ಶತ್ರು ಕಾದಿತ್ತು, ಕರೆಂಟು. ಕಾಫಿ ಹೂವಿಗೆ ನೀರು ಹೊಡೆಯುವ ಫೆಬ್ರವರಿ, ಮಾರ್ಚ್‌ನಲ್ಲಿ ಸಂಜೆ ಅಕ್ಕಪಕ್ಕದ ಪಂಪ್‌ಗಳೆಲ್ಲ ಓಡುತ್ತವೆ. ಮೀಟರ್ ಇಟ್ಟು ನೋಡಿದರೆ 180. ಟ್ಯೂಬಿನ ಹೀಟರ್‌ಗೆ 6.3 ವೋಲ್ಟ್ ಬೇಕಾದಲ್ಲಿ ಐದೂ ಸಿಗಲ್ಲ. ಸದ್ದು ಒದ್ದೆ ಬಟ್ಟೆ ಹೊದಿಸಿದಂತೆ. ಫ್ರಿಜ್‌ಗೆ ಹಾಕುವ ಸ್ಟೆಬಿಲೈಜರ್ ತಂದೆ, ಸಾಕಾಯಿತು. ಇನ್ವರ್ಟರ್ ಮೇಲೆ ನುಡಿಸಲ್ಲ. ನಮ್ಮದು ಹಳೆಯದು, ಜೇನು ಎದ್ದ ಹಾಗೆ ಗುಂಯ್ ಅನ್ನುತ್ತದೆ. ಗುಡುಗು ಶುರುವಾದರೆ ಪ್ಲಗ್ ಗೋಡೆಯಿಂದ ಹೊರಗೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು.

ಮಳೆಗಾಲಕ್ಕೆ ಆಂಪ್ ಈಗ ಬಟ್ಟೆಯ ಕೋಣೆಯಲ್ಲಿದೆ. ಅಮ್ಮ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯದಿರಲೆಂದು ಅಲ್ಲಿ ಬಲ್ಬ್ ಉರಿಸುತ್ತಾರೆ. ನೆಲದಿಂದ ಎತ್ತಿ ಮರದ ಸ್ಟೂಲ್ ಮೇಲೆ ಇಟ್ಟಿದ್ದೇನೆ. ಕರೆಂಟ್ ಇದ್ದ ದಿನ ಅರ್ಧ ಗಂಟೆ ಉರಿಸುತ್ತೇನೆ, ಟ್ಯೂಬಿನ ಬಿಸಿಗೇ ಒಳಗಿನ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ಮಾತ್ರ ಹಾಕಲ್ಲ, ಒಳಗೇ ಬೆವರುತ್ತದೆ. ಹಳೆ ಬೆಡ್‌ಶೀಟ್ ಸಾಕು.

ಹಿಂಬದಿಯ ಹಲಗೆಯಾಚೆ, ಚಾಸಿಯ (ಸರ್ಕ್ಯೂಟ್ ಇರುವ ಲೋಹದ ಪೆಟ್ಟಿಗೆಯ) ಒಳಗೆ ನಾನು ಕೈ ಹಾಕಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 300ಕ್ಕೂ ಜಾಸ್ತಿ ವೋಲ್ಟ್ ಕೂತಿರಬಹುದು. ಕಾಕ ಬಿಚ್ಚುವಾಗ ಎಡಗೈಯನ್ನು ಷರ್ಟಿನ ಜೇಬಲ್ಲಿ ಇಟ್ಟುಕೊಳ್ಳುತ್ತಾರೆ. ಎರಡೂ ಕೈ ಒಳಗಿದ್ದರೆ ಕರೆಂಟ್ ಎದೆ ದಾಟಿ ಹೋಗುತ್ತದೆ ಎಂದು. ಆ ಮೈಕ್ರೋಫೋನಿಕ್ ಟ್ಯೂಬ್ ಬದಲಿಸಿದ ದಿನ ಅವರ ಬಿಸ್ಕತ್ ಡಬ್ಬಿಯ ಬಿಇಎಲ್ ಇಎಲ್84 ಎರಡನ್ನು ಕೇಳಿದೆ. ದುಡ್ಡು ತೆಗೆದುಕೊಳ್ಳಲಿಲ್ಲ, ಜೋಡಿ ಹೊಂದುತ್ತದೋ ಇಲ್ಲವೋ ಅಳೆದು ಕೊಡ್ತೇನೆ, ಮಳೆ ನಿಲ್ಲಲಿ ಅಂದರು. ಮಳೆ ಇನ್ನೂ ನಿಂತಿಲ್ಲ.