ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ತೋರಿಸುವುದು: ನನ್ನ ಅನುಭವ

ಪಕ್ಷಿವೀಕ್ಷಣೆಗೆ ಹೊಸಬರನ್ನು ಕರೆದೊಯ್ಯಬೇಕಾದಾಗ ನಾನು ದಟ್ಟ ಕಾಡುಗಳನ್ನು ಬಿಟ್ಟು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ಆರಿಸಿಕೊಳ್ಳುತ್ತೇನೆ. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಇಲ್ಲಿ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುವುದರಿಂದ, ದುರ್ಬೀನು ಹಿಡಿದು ರೂಢಿಯಿಲ್ಲದವರಿಗೂ ಹಕ್ಕಿಯ ಸಂಸಾರ ಬರಿಗಣ್ಣಿಗೇ ಕಾಣುತ್ತದೆ. ಗೂಡುಗಳಲ್ಲಿ ಮರಿಗಳಿರುವ ಫೆಬ್ರವರಿ, ಮಾರ್ಚ್ ತಿಂಗಳುಗಳು ಇದಕ್ಕೆ ಹೇಳಿಮಾಡಿಸಿದ ಕಾಲ.

ಹಕ್ಕಿಗಳ ಹೆಸರಿನ ಪಟ್ಟಿಯನ್ನು ನಾನು ಯಾರ ಕೈಗೂ ಮೊದಲೇ ಕೊಡುವುದಿಲ್ಲ. ಒಂದು ಮರವನ್ನು ಆರಿಸಿ, ಅದರಿಂದ ತುಸು ದೂರದಲ್ಲಿ ಎಲ್ಲರನ್ನೂ ನಿಲ್ಲಿಸಿ, ಒಂದೇ ಗೂಡನ್ನು ಮಾತಿಲ್ಲದೆ ನೋಡುತ್ತಿರಲು ಹೇಳುತ್ತೇನೆ. ಮೊದಮೊದಲು ಚಡಪಡಿಸುವವರು ಕ್ರಮೇಣ ತಾವಾಗಿಯೇ ಸಂಗತಿಗಳನ್ನು ಗುರುತಿಸತೊಡಗುತ್ತಾರೆ. ಬಿಸಿಲೇರಿದಂತೆ ಕೊಕ್ಕರೆಯೊಂದು ರೆಕ್ಕೆಗಳನ್ನು ಅಗಲಿಸಿ ನಿಂತು ಮರಿಗಳಿಗೆ ನೆರಳಾಗುತ್ತದೆ. ಸಂಗಾತಿ ಬಂದಿಳಿದಾಗ ಎರಡೂ ಹಕ್ಕಿಗಳು ಕೊಕ್ಕುಗಳನ್ನು ಪಟಪಟನೆ ಬಡಿಯುತ್ತವೆ. ಹೆಜ್ಜಾರ್ಲೆಯ ಮರಿ ತನ್ನ ತಲೆಯನ್ನೇ ತಾಯಿಯ ಕೊಕ್ಕಿನ ಚೀಲದೊಳಗೆ ತೂರಿಸಿದಾಗ, ದೊಡ್ಡ ಹಕ್ಕಿ ಮರಿಯನ್ನು ನುಂಗುತ್ತಿದೆಯೆಂದು ಮಕ್ಕಳು ಗಾಬರಿಯಾಗುವುದುಂಟು. ನುಂಗಿ ತಂದ ಮೀನನ್ನು ಕಕ್ಕಿ ಉಣಿಸುವ ಬಗೆಯನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೊಂದಿಲ್ಲ. ಕುತೂಹಲ ಹುಟ್ಟಿದ ಮೇಲೆ ಹೇಳಿದ ಹೆಸರು ಮರೆತುಹೋಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಆಮೇಲಿನ ಮಾತನ್ನು ಊರಿನವರಿಗೇ ಬಿಡುತ್ತೇನೆ. ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳಿದ್ದಂತೆ ಎಂದು ಇಲ್ಲಿನ ಹಿರಿಯರು ಹೇಳುವಾಗ, ಅದುವರೆಗೆ ಕ್ಯಾಮೆರಾದಲ್ಲೇ ಮುಳುಗಿದ್ದವರೂ ತಲೆಯೆತ್ತುತ್ತಾರೆ. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರವಾಗುವುದು ನಿಜವಾದರೂ, ಗೂಡುಗಳಿರುವ ಮರದ ಹುಣಸೆ ಫಸಲನ್ನು ಮನೆಯವರು ಬಿಟ್ಟುಕೊಡಬೇಕಾಗುತ್ತದೆ. ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂದದ್ದು ಈ ಕಾರಣಕ್ಕೆ. ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು, 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಆದರೆ ಅದಕ್ಕೂ ಎಷ್ಟೋ ಮೊದಲಿನಿಂದ ಹಕ್ಕಿಗಳನ್ನು ಕಾಯ್ದುಕೊಂಡು ಬಂದವರು ಈ ಮರಗಳ ಒಡೆಯರೇ ಎಂಬುದನ್ನು ನಾನು ಪ್ರತಿ ತಂಡಕ್ಕೂ ಒತ್ತಿ ಹೇಳುತ್ತೇನೆ.

ಗೂಡಿನಿಂದ ಬಿದ್ದ ಮರಿ ಕಣ್ಣಿಗೆ ಬಿದ್ದರೆ ಬಂದವರು ಅದನ್ನು ಎತ್ತಿಕೊಳ್ಳಬಾರದು. ಅಂಥ ಮರಿಗಳನ್ನು ಮೀನುಣಿಸಿ ಸಾಕಿ ಬಿಡುವ ಕೆಲಸವನ್ನು ಊರಿನ ಯುವಕರ ಹೆಜ್ಜಾರ್ಲೆ ಬಳಗ ಮಾಡುತ್ತ ಬಂದಿರುವುದರಿಂದ, ಸುದ್ದಿ ಮುಟ್ಟಿಸಿದರೆ ಸಾಕು. ಡ್ರೋನ್ ಹಾರಿಸುವುದನ್ನೂ, ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟುವುದನ್ನೂ ನಾನು ಖಂಡಿತ ಒಪ್ಪುವುದಿಲ್ಲ. ದೊಡ್ಡ ಹಕ್ಕಿ ಬೆದರಿ ಎದ್ದರೆ ಮರಿ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ, ಗೂಡಿನಂಚಿನಿಂದ ಜಾರಲೂಬಹುದು.

ಎರಡನೆಯ ಸಲ ಬಂದವರಿಗೆ ನಾನು ವಿವರಣೆ ನೀಡುವುದಿಲ್ಲ. ಹೊಸದಾಗಿ ಬಂದವರಲ್ಲಿ ಇಬ್ಬರು ಮೂವರನ್ನು ಅವರ ಜೊತೆ ಮಾಡಿ, ಕಳೆದ ಬಾರಿ ತಾವು ನೋಡಿದ್ದನ್ನು ಅವರಿಗೆ ತೋರಿಸುವಂತೆ ಕೇಳಿಕೊಳ್ಳುತ್ತೇನೆ.